ತೊಟ್ಟಿಮನೆಯ ಪಡಸಾಲೆಗೆ ಹಳೆಯ ಬೆಳಕು: ಜೋಡಿಬತ್ತಿ ತೂಗುದೀಪ, ಮರದ ಪಟ್ಟಿ ವೈರಿಂಗ್, ಬೆತ್ತದ ಕುರ್ಚಿ

ಸಾಗರ ಸೀಮೆಯ ತೊಟ್ಟಿಮನೆಯೊಂದರ ಪಡಸಾಲೆಯ ಕೆಲಸ ಇದು. ಮನೆ ಎದ್ದದ್ದು 1920ರ ದಶಕದಲ್ಲಿ, ಕರೆಂಟು ಬಂದದ್ದು 1960ರ ದಶಕದಲ್ಲಿ. ಮಣ್ಣಿನ ಗೋಡೆಗೆ ಸುಣ್ಣದ ಗಾರೆ, ಹಲಸಿನ ಕಂಬ, ಹೊನ್ನೆ ಮರದ ತೊಲೆ, ಹಲಗೆಯ ಮುಚ್ಚಿಗೆ, ಕಾವಿ ನೆಲ, ಮೇಲೆ ಮಂಗಳೂರು ಹೆಂಚು. ಪಡಸಾಲೆ 24 ಅಡಿ ಉದ್ದ, 11 ಅಡಿ ಅಗಲ. ಮುಚ್ಚಿಗೆಯ ಎತ್ತರ 9 ಅಡಿ. ಕೆಲಸ ಶುರುವಾದಾಗ ಅಲ್ಲಿದ್ದದ್ದು ಎರಡು ಟ್ಯೂಬ್‌ಲೈಟು, ತೊಲೆಗೆ ಹೊಡೆದ ಬಿಳಿ ಪಿವಿಸಿ ಕೇಸಿಂಗ್, ಗೋಡೆ ಕೊರೆದು ಹೂತ ಒಂದು ಪೈಪು, ಪ್ಲಾಸ್ಟಿಕ್ ವೈರು ಹೆಣೆದ ಆರಾಮ ಕುರ್ಚಿ. ಅಟ್ಟದಲ್ಲಿ ಗೋಣಿಚೀಲದೊಳಗೆ ಒಂದು ಸೀಮೆಎಣ್ಣೆ ತೂಗುದೀಪ.

ರಾತ್ರಿ ಹೊತ್ತು ಈ ಪಡಸಾಲೆ ಕಟ್ಟಿದ ಕಾಲದ ಬೆಳಕಿನಲ್ಲಿ ಕಾಣಬೇಕು ಎಂಬುದು ಗುರಿ. ಅದಕ್ಕಾಗಿ ಗೋಡೆಗಾಗಲಿ ದೀಪಕ್ಕಾಗಲಿ ಮತ್ತೆ ಮುಚ್ಚಲಾಗದ ಒಂದು ತೂತೂ ಬೀಳಬಾರದು ಎಂಬುದು ಕಟ್ಟುನಿಟ್ಟು.

ಮರದಲ್ಲಿ ಉಳಿದ ಗುರುತುಗಳು

ಏನನ್ನೂ ಕೊಳ್ಳುವ ಮೊದಲು ಎರಡು ದಿನ ಟಾರ್ಚನ್ನು ಓರೆಯಾಗಿ ಹಿಡಿದು ತೊಲೆ, ಕಂಬ, ಬೋದಿಗೆ (ಕಂಬದ ತಲೆಯ ಕೆತ್ತನೆ ಮರ) ನೋಡುವುದೇ ಕೆಲಸ. ಬೆಳಕು ನೇರವಾಗಿ ಬಿದ್ದರೆ ಹಳೆಯ ಗುರುತು ಕಾಣುವುದಿಲ್ಲ. ನಡು ತೊಲೆಯಲ್ಲಿ ಕಮ್ಮಾರ ಬಡಿದ ಕಬ್ಬಿಣದ ಕೊಕ್ಕೆ ಸಿಕ್ಕಿತು. ಅದರ ನೆತ್ತಿಯ ಮುಚ್ಚಿಗೆ ಹಲಗೆಯಲ್ಲಿ ಅಂಗೈ ಅಗಲದ ಮಸಿಯ ಕಲೆ. ಅಂದರೆ ತೂಗುದೀಪ ತೂಗಿದ್ದು ಅಲ್ಲೇ. ಅದೇ ತೊಲೆಯ ಪಕ್ಕದಲ್ಲಿ 10 ಸೆಂ.ಮೀ.ಗೊಂದರಂತೆ ಸಣ್ಣ ಮೊಳೆಯ ತೂತುಗಳ ಸಾಲು, ಅದರುದ್ದಕ್ಕೂ 25 ಮಿ.ಮೀ. ಅಗಲ ತಿಳಿಬಣ್ಣ ಉಳಿದ ಮರ. ಇದು ಮೊದಲ ಕರೆಂಟಿನ ಮರದ ಪಟ್ಟಿ ಇದ್ದ ಜಾಗ. ಮೂರು ಕಡೆ ದುಂಡು ಕಲೆ. ಅಲ್ಲಿ ಸೀಲಿಂಗ್ ರೋಸ್‌ನ, ಅಂದರೆ ಮುಚ್ಚಿಗೆಯಿಂದ ದೀಪದ ವೈರು ಇಳಿಯುವ ದುಂಡು ಡಬ್ಬಿಯ, ಮರದ ಬಿಲ್ಲೆಗಳಿದ್ದವು.

ಈ ಗುರುತುಗಳ ಮೇಲೆ ನಿಂತೇ ತೀರ್ಮಾನ ಮಾಡಬೇಕು. ಹಳೆಯ ಮನೆಯೆಂದರೆ ಇಂಗಾಲದ ತಂತಿಯ ಹಳೆಯ ಬಲ್ಬನ್ನು ಅನುಕರಿಸುವ, ಸುರುಳಿ ತಂತಿಯ ‘ಎಡಿಸನ್ ಬಲ್ಬು’ ತೂಗುಹಾಕುವ ರೂಢಿ ಈಗ ಹೋಮ್‌ಸ್ಟೇಗಳಲ್ಲೆಲ್ಲ ಇದೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಜೋಗದ ನೀರಿನಿಂದ ವಿದ್ಯುತ್ ಹುಟ್ಟತೊಡಗಿದ್ದು 1948ರಲ್ಲಿ. ಮಲೆನಾಡಿನ ಇಂಥ ಮನೆ ಇಂಗಾಲದ ತಂತಿಯ ಬಲ್ಬನ್ನು ಕಂಡೇ ಇಲ್ಲ. ಇಲ್ಲಿ ಸೀಮೆಎಣ್ಣೆಯ ನಂತರ ಬಂದದ್ದು ನೇರವಾಗಿ 40, 60 ವ್ಯಾಟಿನ ಟಂಗ್‌ಸ್ಟನ್ ಬಲ್ಬು. ಹಾಗಾಗಿ ಎರಡೇ ಪದರ ಇಟ್ಟುಕೊಂಡೆವು. ನಡುವೆ 1920ರ ದಶಕದ ತೂಗುದೀಪ. ಅಂಚಿನಲ್ಲಿ 1960ರ ದಶಕದ ಪಟ್ಟಿ ವೈರಿಂಗ್, ಕಪ್ಪು ಬೇಕಲೈಟ್ ಸ್ವಿಚ್ಚು, ಹಿತ್ತಾಳೆ ಹೋಲ್ಡರು, ಎನಾಮಲ್ ಛತ್ರಿ. ಗೋಡೆಯ ಎರಡು ದೀಪದ ಗೂಡುಗಳಿಗೆ ಕರೆಂಟು ಇಲ್ಲ. ಅಲ್ಲಿ ಎಣ್ಣೆಯ ಹಣತೆಯೇ.

ತೂಗುದೀಪ

ಮೂರು ಸರಪಳಿ, ಹಿತ್ತಾಳೆ ಬಳೆ, ಅದರೊಳಗೆ ಕೂರುವ ಗಾಜಿನ ಎಣ್ಣೆಬುರುಡೆ, ಹಾಲುಬಣ್ಣದ ಗಾಜಿನ ಛತ್ರಿ, ಮೇಲೆ ಹೊಗೆ ತಡೆಯುವ ಗಾಜಿನ ಗಂಟೆ. ಬರ್ನರ್ ಜೋಡಿಬತ್ತಿಯದು: ಒಂದರ ಪಕ್ಕ ಒಂದು ಎರಡು ಚಪ್ಪಟೆ ಬತ್ತಿ, ಪ್ರತಿಯೊಂದಕ್ಕೂ ಬೇರೆ ಕಿವಿ, ಆರಿಸಲು ಪಕ್ಕದಲ್ಲೊಂದು ಸನ್ನೆ. ಬರ್ಮಿಂಗ್‌ಹ್ಯಾಮಿನ ಹಿಂಕ್ಸ್ ಕಂಪನಿ 1865ರಲ್ಲಿ ಪೇಟೆಂಟ್ ಪಡೆದ ಮಾದರಿ ಇದು. ಆಮೇಲೆ ಬೇರೆ ಕಂಪನಿಗಳೂ ಇದನ್ನೇ ಮಾಡಿದವು. ಎರಡು ಜ್ವಾಲೆ ಹತ್ತಿರ ಹತ್ತಿರ ನಿಂತಾಗ ಒಂದರ ಕಾವು ಇನ್ನೊಂದಕ್ಕೆ ಸಿಕ್ಕಿ, ಗಾಳಿಯ ಎಳೆತ ಚುರುಕಾಗಿ, ಒಂಟಿಬತ್ತಿಗಿಂತ ಬಿಳುಪಾದ ಬೆಳಕು ಬರುತ್ತದೆ.

ಮೊದಲು ಅಯಸ್ಕಾಂತ. ಬಳೆ, ಸರಪಳಿ, ಬರ್ನರ್ ಎಲ್ಲಕ್ಕೂ ತಾಗಿಸಿ ನೋಡಬೇಕು. ಈ ದೀಪದಲ್ಲಿ ಬಳೆ, ಬರ್ನರ್ ಅಪ್ಪಟ ಹಿತ್ತಾಳೆ. ಸರಪಳಿ ಮಾತ್ರ ಹಿತ್ತಾಳೆ ಲೇಪದ ಕಬ್ಬಿಣ. ಅದನ್ನು ಹುಣಸೆಹಣ್ಣಿಗೆ ಹಾಕಿದರೆ ಲೇಪ ಎದ್ದುಹೋಗಿ ಮರುದಿನವೇ ತುಕ್ಕು ಹಿಡಿಯುತ್ತದೆ. ಸರಪಳಿಯನ್ನು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಒರೆಸಿ, ಮೇಣ ಹಚ್ಚಿದ್ದಷ್ಟೇ.

ಹಿತ್ತಾಳೆಗೆ 50 ಗ್ರಾಂ ಹುಣಸೆಹಣ್ಣು, 200 ಮಿ.ಲೀ. ಬಿಸಿನೀರು. ಉಪ್ಪು ಬೇಡ. ಉಪ್ಪಿದ್ದರೆ ಬೇಗ ಹೊಳೆಯುತ್ತದೆ ನಿಜ, ಆದರೆ ಸಂದಿಗಳಲ್ಲಿ ಉಳಿದ ಉಪ್ಪಿನ ಕಣ ಮಳೆಗಾಲದಲ್ಲಿ ನೀರೆಳೆದು ಹಸಿರು ಕಿಲುಬು ಎಬ್ಬಿಸುತ್ತದೆ. ಮೂರರಿಂದ ನಾಲ್ಕು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹುಳಿಯು ಸತುವನ್ನು ಎಳೆದು ಬರೀ ತಾಮ್ರ ಉಳಿಸುತ್ತಿದೆ ಎಂದರ್ಥ. ಕೂಡಲೇ ನಿಲ್ಲಿಸಿ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆಯಬೇಕು. ಬಿಸಿಲಲ್ಲಿ ಪೂರ್ತಿ ಒಣಗಿದ ಮೇಲೆ ಒಂದು ಪಾಲು ಜೇನುಮೇಣ, ಮೂರು ಪಾಲು ಟರ್ಪಂಟೈನ್ ಕಲಸಿದ ಮುಲಾಮು ತೆಳುವಾಗಿ ಹಚ್ಚಿ ಹತ್ತಿಬಟ್ಟೆಯಲ್ಲಿ ಉಜ್ಜುವುದು. ಪಾತ್ರೆ ಅಂಗಡಿಯ ಬಫಿಂಗ್ ಚಕ್ರಕ್ಕೆ ಮಾತ್ರ ಕೊಡಬೇಡಿ. ಅಚ್ಚೊತ್ತಿದ ಈ ತಗಡು ಅರ್ಧ ಮಿ.ಮೀ.ಗಿಂತ ದಪ್ಪವಿರುವುದಿಲ್ಲ, ಚಕ್ರ ಮೊದಲು ತಿನ್ನುವುದು ಹೂಬಳ್ಳಿಯ ಏಣುಗಳನ್ನೇ. ಹೋದ ಕೆತ್ತನೆ ಮತ್ತೆ ಬರುವುದಿಲ್ಲ.

ಬುರುಡೆಯ ಬಾಯಿಗೆ ಕೂರಿಸಿದ ಹಿತ್ತಾಳೆ ಕಾಲರ್ ಅಲುಗಾಡುತ್ತಿತ್ತು. ಗಾಜಿಗೂ ಕಾಲರಿಗೂ ನಡುವೆ ಇರುವುದು ಪ್ಲಾಸ್ಟರ್ ಆಫ್ ಪ್ಯಾರಿಸ್. ವರ್ಷಗಟ್ಟಲೆ ಸೀಮೆಎಣ್ಣೆ ಹೀರಿ ಅದು ಪುಡಿಯಾಗಿರುತ್ತದೆ. ಬುರುಡೆಯನ್ನು ತಲೆಕೆಳಗಾಗಿಸಿ ಬಾಯಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಒಂದು ರಾತ್ರಿ ಇಟ್ಟರೆ ಕಾಲರ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಗಾಜಿನ ಬಾಯಿ ಚಕ್ಕೆ ಏಳುತ್ತದೆ. ಒಳಗಿನ ಕಂದು ಜಿಡ್ಡಿಗೆ ಬಿಸಿನೀರಲ್ಲಿ ಕರಗಿಸಿದ ವಾಷಿಂಗ್ ಸೋಡಾ, ಒಂದು ಹಿಡಿ ಅಕ್ಕಿ. ಕುಲುಕಿ, ಚೆಲ್ಲಿ, ಮತ್ತೆ ಕುಲುಕಿ. ಐದು ಸಲಕ್ಕೆ ಗಾಜು ತಿಳಿಯಾಯಿತು.

ಕಾಲರ್ ಮತ್ತೆ ಕೂರಿಸಲು 40 ಗ್ರಾಂ ಪ್ಲಾಸ್ಟರ್, 20 ಗ್ರಾಂ ನೀರು. ಇಷ್ಟು ಗಟ್ಟಿ ಕಲಸಿದಾಗ ಕೈಯಲ್ಲಿರುವ ಸಮಯ ಐದಾರು ನಿಮಿಷ. ಕಾಲರ್ ಮೇಲೆ ಸಣ್ಣ ರಸಮಟ್ಟ ಇಟ್ಟು ಎರಡು ದಿಕ್ಕಿಗೂ ನೋಡಬೇಕು. ಇಲ್ಲಿ ಒಂದು ಮಿ.ಮೀ. ಓರೆಯಾದರೂ ಚಿಮಣಿ ಗಾಜಿನ ತುದಿಯಲ್ಲಿ ನಾಲ್ಕೈದು ಮಿ.ಮೀ. ವಾಲಿ ಕಾಣುತ್ತದೆ. ಎರಡು ದಿನ ಒಣಗಿದ ಮೇಲೆ ಹೊರಗೆ ಕಾಣುವ ಪ್ಲಾಸ್ಟರ್ ಅಂಚಿಗೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು ಎರಡು ಕೈ. ಸೀಮೆಎಣ್ಣೆಗೆ ಅರಗು ಕರಗುವುದಿಲ್ಲ, ಆದ್ದರಿಂದ ಪ್ಲಾಸ್ಟರ್ ಎಣ್ಣೆ ಕುಡಿಯುವುದು ನಿಲ್ಲುತ್ತದೆ.

ಎಣ್ಣೆಹನಿ ಕಾಗದ

ಬಲ್ಬಿನ ಡಬ್ಬಿಯ ಮೇಲಿನ ಅಂಕಿ ನೋಡಿ ಹಳೆಯ ದೀಪದ ಬೆಳಕನ್ನು ಹೊಂದಿಸಲಾಗದು. ಎರಡನ್ನೂ ಎದುರುಬದುರು ಇಟ್ಟು ಅಳೆಯಬೇಕು. ಅದಕ್ಕೆ ಲಕ್ಸ್ ಮೀಟರ್ ಬೇಕಿಲ್ಲ. ಡ್ರಾಯಿಂಗ್ ಹಾಳೆಯ ನಡುವೆ ಒಂದು ಹನಿ ತೆಂಗಿನೆಣ್ಣೆ ಬಿಟ್ಟು, ಬಿಸಿ ಕಾವಲಿಯ ಮೇಲೆ ಹಿಡಿದು ಹೀರಿಸಿ, ರಟ್ಟಿನ ಚೌಕಟ್ಟಿಗೆ ಅಂಟಿಸಿದರೆ ಸಾಕು. ಜರ್ಮನಿಯ ರಸಾಯನ ವಿಜ್ಞಾನಿ ಬುನ್ಸೆನ್ ಬಳಸಿದ ಉಪಾಯವೇ ಇದು. ಹಾಳೆಯ ಒಂದು ಬದಿಗೆ ಎಣ್ಣೆದೀಪ, ಇನ್ನೊಂದು ಬದಿಗೆ ಬಲ್ಬು. ಬೆಳಕು ಹೆಚ್ಚಿರುವ ಬದಿಯಿಂದ ಹನಿ ಕಪ್ಪಗೆ ಕಾಣುತ್ತದೆ, ಕಡಿಮೆ ಇರುವ ಬದಿಯಿಂದ ಬೆಳ್ಳಗೆ. ಬಲ್ಬನ್ನು ಹಿಂದೆ ಮುಂದೆ ಸರಿಸುತ್ತ ಹನಿ ಕಾಣದಂತಾಗುವ ಜಾಗ ಹುಡುಕಬೇಕು. ಆಗ ಎರಡರ ಬೆಳಕಿನ ಅನುಪಾತ ಎಂದರೆ ದೂರಗಳ ವರ್ಗದ ಅನುಪಾತ.

ದೀಪಕ್ಕೆ ಹೊಸ ಬತ್ತಿ ಹಾಕಿ, ತುದಿಯನ್ನು ನೇರವಾಗಿ ಕತ್ತರಿಸಿ, ಎಣ್ಣೆ ಹೀರಲು ಅರ್ಧ ಗಂಟೆ ಬಿಟ್ಟು, ಗಾಳಿಯಿಲ್ಲದ ಕತ್ತಲ ಕೋಣೆಯಲ್ಲಿ ಹಚ್ಚಿದೆವು. ಚಿಮಣಿ ಕಾದು ಜ್ವಾಲೆ ನಿಲ್ಲಲು ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ ಅಳತೆಗೆ ಬೆಲೆಯಿಲ್ಲ. ದೀಪ ಹಾಳೆಯಿಂದ 100 ಸೆಂ.ಮೀ.ನಲ್ಲಿ. 4 ವ್ಯಾಟಿನ ಫಿಲಮೆಂಟ್ ಎಲ್‌ಇಡಿಗೆ (ಒಳಗೆ ತಂತಿಯಂಥ ಎಳೆಗಳಿರುವ ಎಲ್‌ಇಡಿ ಬಲ್ಬು) ಹನಿ ಮರೆಯಾದದ್ದು 118 ಸೆಂ.ಮೀ.ನಲ್ಲಿ: 1.18ರ ವರ್ಗ 1.39, ಅಂದರೆ ಎಣ್ಣೆದೀಪದ ಸುಮಾರು 1.4 ಪಟ್ಟು. 2 ವ್ಯಾಟಿನದಕ್ಕೆ 85 ಸೆಂ.ಮೀ.: 0.72 ಪಟ್ಟು. ಎರಡೂ ಬೆಳಕಿನ ಬಣ್ಣ ಬೇರೆಯಾದ್ದರಿಂದ ಹನಿ ಪೂರ್ತಿ ಅಳಿಸಿಹೋಗುವುದಿಲ್ಲ, ಒಂದು ಬದಿಗೆ ಕೆಂಪು ಛಾಯೆ ಉಳಿಯುತ್ತದೆ. ಎರಡೂ ಬದಿಯಿಂದ ನೋಡಿ ಸರಾಸರಿ ತೆಗೆದುಕೊಳ್ಳಬೇಕು.

ಆರಿಸಿದ್ದು 2 ವ್ಯಾಟಿನದು. ಸೀಮೆಎಣ್ಣೆ ದೀಪವನ್ನು ಪೂರ್ತಿ ಏರಿಸಿ ಯಾರೂ ಸಂಜೆಯಿಡೀ ಉರಿಸುವುದಿಲ್ಲ; ಮಸಿ ಹಿಡಿಯದಂತೆ ಬತ್ತಿ ಇಳಿಸಿಯೇ ಇಡುತ್ತಾರೆ. ಮುಕ್ಕಾಲು ಬೆಳಕೇ ಮನೆಯ ನಿಜವಾದ ಬೆಳಕು. ಮೊದಲ ಹತ್ತು ನಿಮಿಷ ಕೋಣೆ ಕತ್ತಲೆನಿಸುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಕಂಬದ ದುಂಡು, ಬೋದಿಗೆಯ ಕೆತ್ತನೆ, ಕಾವಿ ನೆಲದ ಮೇಲೆ ಬಿದ್ದ ದೀಪದ ನೆರಳು ಎಲ್ಲವೂ ಎದ್ದು ಬರುತ್ತವೆ. ಟ್ಯೂಬ್‌ಲೈಟಿನ ಕೆಳಗೆ ಈ ಕಂಬಗಳು ಬರೀ ಚಪ್ಪಟೆ ಹಲಗೆಯಂತೆ ಕಾಣುತ್ತಿದ್ದವು.

ಬಣ್ಣದ ವಿಷಯ. ಅದನ್ನು ಹೇಳುವುದು ಕೆಲ್ವಿನ್ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಬೆಳಕು ಕೆಂಪು. ಸೀಮೆಎಣ್ಣೆ ಜ್ವಾಲೆ ಸುಮಾರು 1900 ಕೆಲ್ವಿನ್. ಅಂಗಡಿಯ ‘ವಾರ್ಮ್ ವೈಟ್’ 2700ರಿಂದ 3000. ಎಣ್ಣೆದೀಪದ ಪಕ್ಕದಲ್ಲಿಟ್ಟರೆ ಅದು ಆಸ್ಪತ್ರೆ ಬೆಳಕು. 2200 ಕೆಲ್ವಿನ್‌ನದು ಹೊಂದುತ್ತದೆ. ಆದರೆ ಜೇನುಬಣ್ಣ ಬಳಿದ ಗಾಜಿನ ಬಲ್ಬು ಬೇಡ, ತಿಳಿಗಾಜಿನದೇ ಬೇಕು. ಬಳಿದ ಬಣ್ಣ ಬೆಳಕನ್ನು ಸೋಸುತ್ತದೆಯೇ ಹೊರತು ಇಲ್ಲದ ಕೆಂಪನ್ನು ಸೇರಿಸುವುದಿಲ್ಲ. ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 90 ಅಥವಾ ಹೆಚ್ಚು ಇರಲಿ. 80ರ ಬಲ್ಬಿನ ಕೆಳಗೆ ಕಾವಿ ನೆಲ ಮಣ್ಣುಬಣ್ಣಕ್ಕೆ ತಿರುಗಿತು, ಹೊನ್ನೆಯ ತೊಲೆ ಬೂದಿಯಾಯಿತು. ಬಲ್ಬು ಕೊಳ್ಳುವ ಮೊದಲು ನೆಲದ ಮೇಲೆ ಬೆಳಕು ಬಿಟ್ಟು ನೋಡಿ. ಮಲೆನಾಡಿನ ಮನೆಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಬರ್ನರ್ ಜಾಗಕ್ಕೆ ಹೋಲ್ಡರ್

ದೀಪದ ಬುಡ ಕೊರೆದು ವೈರು ತೂರಿಸುವುದು ಎಲ್ಲ ಕಡೆ ಕಾಣುವ ಪದ್ಧತಿ. ಗಾಜಿನ ಬುರುಡೆಯಾದರೆ ಅರ್ಧಕ್ಕರ್ಧ ಕೊರೆಯುವಾಗಲೇ ಸೀಳುತ್ತವೆ. ನಾವು ಬರ್ನರನ್ನು ಹಾಗೇ ತಿರುಗಿಸಿ ತೆಗೆದು, ಅದೇ ಕಾಲರಿನಲ್ಲಿ ಕೂರುವ ಅಡಾಪ್ಟರ್ ಮಾಡಿಸಿದೆವು.

ಅಡಾಪ್ಟರಿಗೆ ಎರಡು ಭಾಗ. ಕೆಳಗೆ ತೇಗದ ಬಿರಡೆ, ಲೇತಿನಲ್ಲಿ ಕಡೆದು ಕಾಲರಿನ ಒಳ ಅಳತೆಗಿಂತ ಒಂದು ಮಿ.ಮೀ. ಕಡಿಮೆ ಮಾಡಿ, ಸುತ್ತ ತೆಳು ಕಾರ್ಕ್ ಪಟ್ಟಿ ಅಂಟಿಸಿದ್ದು. ತಿರುಪು ಕಡೆಯುವ ಪ್ರಯತ್ನ ಬಿಟ್ಟೆವು, ಏಕೆಂದರೆ ಹಳೆಯ ಕಾಲರಿನ ತಿರುಪು ಇಂದಿನ ಯಾವ ತಿರುಪಿನ ಅಳತೆಗೂ ಕೂಡುವುದಿಲ್ಲ, ಬಲವಂತ ಮಾಡಿದರೆ ಮೂಲ ತಿರುಪೇ ಕೆಡುತ್ತದೆ. ಬಿರಡೆಯ ಮೇಲೆ 70 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಹಿತ್ತಾಳೆ ಬಿಲ್ಲೆ, ಅಂಚಿನಲ್ಲಿ ಚಿಮಣಿ ಗಾಜನ್ನು ಹಿಡಿಯುವ ನಾಲ್ಕು ಸ್ಪ್ರಿಂಗ್ ಎಲೆ. ಚಿಮಣಿಯ ಬುಡ 64 ಮಿ.ಮೀ. ನಡುವೆ ಟೊಳ್ಳು ತಿರುಪಿನ ಕೊಳವೆ, ಅದಕ್ಕೆ ಸಣ್ಣ ತಿರುಪು ಬಲ್ಬಿನ ಇ14 ಹೋಲ್ಡರ್. ನಮ್ಮಲ್ಲಿ ಎಲ್ಲೆಡೆ ಸಿಗುವ ಬಿ22 ಪಿನ್ ಹೋಲ್ಡರ್ ಇಲ್ಲಿ ದಪ್ಪವಾಯಿತು. ಚಿಮಣಿಯೊಳಗೆ ಹೋಲ್ಡರೇ ಎದ್ದು ಕಾಣುತ್ತಿತ್ತು. ಬಲ್ಬು 35 ಮಿ.ಮೀ. ಅಗಲದ ಮೇಣದಬತ್ತಿ ಆಕಾರದ್ದು.

ಮೊದಲ ಅಡಾಪ್ಟರ್ ಸೋತದ್ದು ಎತ್ತರದಲ್ಲಿ. ಬಲ್ಬಿನ ತಂತಿ ಛತ್ರಿಯ ಕುತ್ತಿಗೆಯವರೆಗೆ ಏರಿ, ಬೆಳಕಿನ ಅರ್ಧ ಭಾಗ ಮುಚ್ಚಿಗೆಗೆ ಹೋಯಿತು. ಕೆಳಗೆ ನೆಲದ ಮೇಲೆ ಬುರುಡೆಯ ದೊಡ್ಡ ನೆರಳು. ಜ್ವಾಲೆ ಇರುತ್ತಿದ್ದದ್ದು ಚಿಮಣಿ ಉಬ್ಬಿದ ಜಾಗದಲ್ಲಿ. ಬಿರಡೆಯ ತಲೆಯನ್ನು 22 ಮಿ.ಮೀ. ಆಳ ತೋಡಿ ಹೋಲ್ಡರನ್ನು ಒಳಕ್ಕಿಳಿಸಿದಾಗ ಬಲ್ಬಿನ ತಂತಿಯ ನಡುಭಾಗ ಸರಿಯಾಗಿ ಆ ಉಬ್ಬಿಗೆ ಬಂತು.

ವೈರು ಬಿರಡೆಯ ಪಕ್ಕದ 7 ಮಿ.ಮೀ. ತೂತಿನಿಂದ, ಬತ್ತಿಯ ಕಿವಿ ಇದ್ದ ಎತ್ತರದಲ್ಲೇ ಹೊರಬರುತ್ತದೆ. ಹತ್ತಿನೂಲು ಹೊದಿಸಿದ ಕಂದುಬಣ್ಣದ ಮೂರೆಳೆ ವೈರು, ಎಳೆಗೆ 0.75 ಚದರ ಮಿ.ಮೀ. ಒಳಗೆ ಸಣ್ಣ ಮರದ ಹಿಡಿಕೆ ಅದನ್ನು ಅದುಮುತ್ತದೆ, ಎಳೆದರೂ ಹೋಲ್ಡರಿನ ತಿರುಪಿಗೆ ಭಾರ ಬೀಳದು. ಅಲ್ಲಿಂದ ಒಂದು ಸರಪಳಿಯ ಹಿಂಬದಿಗೆ ಅಂಟಿಕೊಂಡು ಮೇಲಕ್ಕೆ, ಗೇಣಿಗೊಂದು ಕಡೆ ಮೇಣ ಹಚ್ಚಿದ ನೂಲಿನ ಗಂಟು.

ಅರ್ಥ್ ಸಂಪರ್ಕದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ಹೋಲ್ಡರಿನ ಬಿಲ್ಲೆಗೆ ಅರ್ಥ್ ಕೊಟ್ಟರೆ ದೀಪಕ್ಕೆಲ್ಲ ಕೊಟ್ಟಂತೆ ಎಂದುಕೊಳ್ಳುತ್ತಾರೆ. ಬಿಲ್ಲೆಗೂ ಹೊರಗಿನ ಬಳೆಗೂ ನಡುವೆ ಇರುವುದು ಗಾಜಿನ ಬುರುಡೆ. ಎರಡಕ್ಕೂ ಸಂಬಂಧವೇ ಇಲ್ಲ. ಸರಪಳಿಯ ಕೊಂಡಿಗಳನ್ನೂ ನಂಬುವಂತಿಲ್ಲ, ಕೊಂಡಿಗೊಂದು ಕಿಲುಬಿನ ಪದರ. ಆದ್ದರಿಂದ ಬಿಲ್ಲೆಗೊಂದು, ಬಳೆಗೊಂದು ಬೇರೆ ಬೇರೆ ಲಗ್ (ತಂತಿಯ ತುದಿಗೆ ಅದುಮುವ ಲೋಹದ ತುಂಡು) ಹಾಕಿ ಹಸಿರು ಎಳೆ ಜೋಡಿಸಿ, ಮಲ್ಟಿಮೀಟರಿನಲ್ಲಿ ನೋಡಿಯೇ ತೂಗುಹಾಕಬೇಕು. ಬುರುಡೆಯಲ್ಲಿ ಒಂದು ಹನಿ ಸೀಮೆಎಣ್ಣೆಯೂ ಉಳಿದಿರಬಾರದು.

ದೀಪ ಒಟ್ಟು 4.2 ಕಿಲೋ. ಹಳೆಯ ಕೊಕ್ಕೆಗೆ 20 ಕಿಲೋ ಮರಳಿನ ಚೀಲ ಒಂದು ದಿನ ತೂಗುಹಾಕಿ, ಕೊಕ್ಕೆಯ ಬುಡಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದೆವು. ಗೆರೆ ಕದಲಲಿಲ್ಲ. ಬುರುಡೆಯ ತಳ ನೆಲದಿಂದ 6 ಅಡಿ 3 ಅಂಗುಲ.

ಮರದ ಪಟ್ಟಿ ವೈರಿಂಗ್

ಗೋಡೆ ಕೊರೆದು ಹೂತಿದ್ದ ಪೈಪಿನ ಸುತ್ತ ಸಿಮೆಂಟು ಮೆತ್ತಲಾಗಿತ್ತು. ಅದರ ಎರಡೂ ಬದಿಗೆ ಒಂದಡಿಯಷ್ಟು ಸುಣ್ಣದ ಗಾರೆ ಉಬ್ಬಿ ಟೊಳ್ಳಾಗಿತ್ತು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆದು ಬೇಸಿಗೆಯಲ್ಲಿ ಬಿಡುತ್ತದೆ, ಸುಣ್ಣ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟು ಕೊಡುವುದಿಲ್ಲ, ತೇವ ಪಕ್ಕಕ್ಕೆ ಸರಿದು ಸುಣ್ಣವನ್ನು ತಳ್ಳುತ್ತದೆ. ಸಿಮೆಂಟು ಕೆತ್ತಿ ತೆಗೆದು, ಒಂದು ಪಾಲು ಅರಳಿದ ಸುಣ್ಣ, ಮೂರು ಪಾಲು ಮರಳಿನ ಗಾರೆಯನ್ನು ಮೂರು ತೆಳು ಪದರದಲ್ಲಿ ತುಂಬಿದ್ದಾಯಿತು. ಹೊರಗೆ ಕಾಣುವ ಮರದ ಪಟ್ಟಿ ಈ ಮನೆಯ ಇತಿಹಾಸಕ್ಕೂ ಸರಿ, ಗೋಡೆಯ ಆರೋಗ್ಯಕ್ಕೂ ಸರಿ.

ಪಟ್ಟಿ ತೇಗದ್ದು, 25 ಮಿ.ಮೀ. ಅಗಲ, 13 ಮಿ.ಮೀ. ದಪ್ಪ. ಹೊಡೆಯುವ ಮೊದಲೇ ನಾಲ್ಕೂ ಮೈಗೆ ಅರಗು. ಹಿಂಬದಿ ಬಿಟ್ಟರೆ ಅಲ್ಲಿಂದ ತೇವ ಹತ್ತಿ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಅಡ್ಡ ಓಟ 14 ಮೀಟರ್, ಇಳಿ ಓಟ 8 ಮೀಟರ್. ಹಳೆಯ ಗುರುತಿನ ಮೇಲೇ ಹೊಡೆದದ್ದರಿಂದ ತೊಲೆಯಲ್ಲಿ ಹೊಸ ಕಲೆ ಬೀಳಲಿಲ್ಲ.

ಆ ಕಾಲದ ವೈರು ಕಪ್ಪು ರಬ್ಬರು ಹೊದಿಕೆಯದು, ಈಗ ಬಳಸಲು ಬಾರದು. ಬಿಳಿ ಚಪ್ಪಟೆ ವೈರು ಮರದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆ ಸಿಕ್ಕ ಉತ್ತರ ಬೋರ್‌ವೆಲ್ ಪಂಪಿಗೆ ಬಳಸುವ ಕಪ್ಪು ಚಪ್ಪಟೆ ಮೂರೆಳೆ ಕೇಬಲ್, 1.5 ಚದರ ಮಿ.ಮೀ.ನದು. ಪಟ್ಟಿಯ ಮೇಲೆ ಕೂತಾಗ ಹಳೆಯ ವೈರಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಒಂದು ಎಚ್ಚರ: ಒಳಗಿನ ಎಳೆಗಳು ಕೆಂಪು, ಹಳದಿ, ನೀಲಿ. ಪ್ರತಿ ತುದಿಯಲ್ಲೂ ಬಣ್ಣದ ತೋಳು (ಸ್ಲೀವ್) ಹಾಕಿ ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು ಎಂದು ಗುರುತಿಸಲೇಬೇಕು. ಇಲ್ಲದಿದ್ದರೆ ಮುಂದೆ ಬರುವ ಎಲೆಕ್ಟ್ರಿಷಿಯನ್ ಹಳದಿ ಎಳೆಯನ್ನು ಏನೆಂದು ತಿಳಿದಾನೋ. ನೂಲಿನಂಥ ಎಳೆಗಳಾದ್ದರಿಂದ ತಿರುಪಿನ ಕೆಳಗೆ ಹೋಗುವ ಮೊದಲು ತುದಿಗೆ ಲಗ್ ಅದುಮಬೇಕು.

ತವರ ಲೇಪದ ಹಿತ್ತಾಳೆ ಲಿಂಕ್ ಕ್ಲಿಪ್ಪು ಅಡ್ಡಕ್ಕೆ 10 ಸೆಂ.ಮೀ.ಗೊಂದು, ಇಳಿಗೆ 15 ಸೆಂ.ಮೀ.ಗೊಂದು. ಲೆಕ್ಕಕ್ಕೆ 140, 53. ತಂದದ್ದು 250, ಏಕೆಂದರೆ ತಿರುವಿನಲ್ಲಿ ಹತ್ತಿರ ಹತ್ತಿರ ಬೇಕು, ಮಡಿಸುವಾಗ ಮುರಿಯುವವೂ ಇರುತ್ತವೆ. ಕೇಬಲ್ 30 ಮೀಟರ್. ಪಟ್ಟಿಗೆ 60 ಸೆಂ.ಮೀ.ಗೊಂದು 8 ನಂಬರಿನ 32 ಮಿ.ಮೀ. ಹಿತ್ತಾಳೆ ಸ್ಕ್ರೂ. ನೂರು ವರ್ಷದ ಹೊನ್ನೆಗೆ ಹಿತ್ತಾಳೆ ಸ್ಕ್ರೂ ನೇರವಾಗಿ ಇಳಿಸಿದರೆ ತಲೆ ಕಿತ್ತು ಬರುತ್ತದೆ. ಮೊದಲು 2.5 ಮಿ.ಮೀ. ಡ್ರಿಲ್ ಬಿಟ್‌ನಿಂದ ತೂತು ಕೊರೆದು, ಆಮೇಲೆ ಅದೇ ಅಳತೆಯ ಉಕ್ಕಿನ ಸ್ಕ್ರೂ ಇಳಿಸಿ ತೆಗೆದು ದಾರಿ ಮಾಡಿಕೊಂಡು, ಕೊನೆಗೆ ಸೋಪು ಸವರಿದ ಹಿತ್ತಾಳೆಯದು. ಉಕ್ಕಿನದನ್ನೇ ಬಿಟ್ಟರೆ ಮರದ ಒಗರಿಗೂ ಕಬ್ಬಿಣಕ್ಕೂ ಸೇರಿ ಸುತ್ತ ಶಾಯಿಯಂಥ ಕಪ್ಪು ಕಲೆ ಹರಡುತ್ತದೆ.

ಗೋಡೆಯ ಮೇಲೆ ಪಟ್ಟಿ ಇಳಿಸದೆ ಬಾಗಿಲ ಚೌಕಟ್ಟಿನ ಪಕ್ಕದಲ್ಲೇ ಇಳಿಸಿದ್ದೇವೆ. ಮಣ್ಣಿನ ಗೋಡೆಯಲ್ಲಿ ನೈಲಾನ್ ಪ್ಲಗ್ಗು ಸುಮ್ಮನೆ ತಿರುಗುತ್ತದೆ, ಹಿಡಿಯುವುದಿಲ್ಲ. ಸ್ವಿಚ್ ಬೋರ್ಡಿನ ಒಂದು ಜಾಗಕ್ಕೆ ಮಾತ್ರ ಗೋಡೆ ಬೇಕಾಯಿತು. ಅಲ್ಲಿ ಒಳಗೆ ಅಗಲ, ಹೊರಗೆ ಕಿರಿದಾದ ತೇಗದ ಗಟ್ಟವನ್ನು ಸುಣ್ಣದ ಗಾರೆಯಲ್ಲಿ ಹೂತು ಒಂದು ವಾರ ಬಿಟ್ಟೆವು.

ಹಳೆಯ ಟಂಬ್ಲರ್ ಸ್ವಿಚ್ಚುಗಳಲ್ಲಿ ಪಿಂಗಾಣಿ ಬುಡ, ಬೇಕಲೈಟ್ ಮುಚ್ಚಳದ ಮೂರು ಉಳಿದವು. ಬಿಚ್ಚಿ ತಾಮ್ರದ ತುಟಿಗಳನ್ನು 400 ನಂಬರಿನ ಕಾಗದದಿಂದ ಉಜ್ಜಿ, ಸ್ಪ್ರಿಂಗು ನೋಡಿ ಮರುಬಳಸಿದೆವು. ಮುಚ್ಚಳ ಬಿರಿದದ್ದನ್ನು ಅಂಟಿಸಲು ಹೋಗಬಾರದು. ಹಿತ್ತಾಳೆ ಗುಮ್ಮಟದ ಸ್ವಿಚ್ಚು ನೋಡಲು ಚೆಂದ, ಆದರೆ ಅದಕ್ಕೆ ಅರ್ಥ್ ಕೊಡುವ ತಿರುಪಿಲ್ಲ, ಅದು ಕಪಾಟಿನಲ್ಲಿರಲಿ.

ಆಫ್ ಮಾಡಿದ ಮೇಲೂ ಒಂದು ಬಲ್ಬು ಮಿಣುಕುತ್ತಿತ್ತು. ಹಳೆಯ ಬೋರ್ಡಿನಲ್ಲಿ ಸ್ವಿಚ್ಚು ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿತ್ತು. ಫೇಸು ಹೋಲ್ಡರಿನಲ್ಲಿ ಸದಾ ಜೀವಂತ. ಟಂಗ್‌ಸ್ಟನ್ ಬಲ್ಬಿಗೆ ಆ ಸೋರಿಕೆ ತಿಳಿಯುತ್ತಿರಲಿಲ್ಲ, ಎಲ್‌ಇಡಿ ಹೊರಗೆಡವಿತು. ಹಳೆಯ ಕಿಟ್‌ಕ್ಯಾಟ್ ಫ್ಯೂಸುಗಳಲ್ಲಿ ನ್ಯೂಟ್ರಲಿಗೂ ಒಂದಿತ್ತು. ಅದು ಸುಟ್ಟರೆ ದೀಪ ಆರುತ್ತದೆ, ತಂತಿಯಲ್ಲಿ ಫೇಸು ಹಾಗೇ ಇರುತ್ತದೆ. ಪಿಂಗಾಣಿ ಫ್ಯೂಸುಗಳನ್ನು ಸಂಪರ್ಕ ಕಡಿದು ಅಲಂಕಾರಕ್ಕಷ್ಟೇ ಗೋಡೆಯಲ್ಲಿ ಬಿಟ್ಟು, ಮೀಟರ್ ಪಕ್ಕದ ಮರದ ಕಪಾಟಿನೊಳಗೆ 6 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು) ಕೂರಿಸಿದೆವು.

ಆರ್‌ಸಿಸಿಬಿ ಏಕೆ ಬಿಡಬಾರದು ಎಂಬುದಕ್ಕೆ ಲೆಕ್ಕವೇ ಸಾಕ್ಷಿ. 40 ಮಿ.ಮೀ. ಜಿಐ ಪೈಪು 2.5 ಮೀಟರ್ ಹೂತು, ಇದ್ದಿಲು ಉಪ್ಪು ತುಂಬಿದರೂ ಜಂಬಿಟ್ಟಿಗೆ ನೆಲದಲ್ಲಿ ಅರ್ಥ್ ರೋಧ 38 ಓಮ್. 5 ಮೀಟರ್ ಆಚೆ ಇನ್ನೊಂದು ಪೈಪು ಹೂತು ಜೋಡಿಸಿದ ಮೇಲೆ 21. ಫೇಸು ದೀಪದ ಮೈಗೆ ತಗುಲಿದರೆ 230 ಭಾಗಿಸು 21, ಸುಮಾರು 11 ಆಂಪಿಯರ್. ಅಷ್ಟಕ್ಕೆ 6 ಆಂಪಿಯರ್ ಎಂಸಿಬಿ ಕೂಡಲೇ ಬೀಳದು, ಕಾದು ಕಾದು ಬೀಳುತ್ತದೆ. ಅಷ್ಟು ಹೊತ್ತು ಹಿತ್ತಾಳೆ ಬಳೆ ಶಾಕ್ ಹೊಡೆಯುತ್ತಲೇ ಇರುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ.

ಆರಾಮ ಕುರ್ಚಿ

ಬೀಟೆ ಮರದ ಉದ್ದ ಕೈಯ ಕುರ್ಚಿ. ಪ್ಲಾಸ್ಟಿಕ್ ವೈರು ಕತ್ತರಿಸಿ, ತೂತುಗಳೊಳಗಿನ ಕಸ ಚುಚ್ಚಿ ತೆಗೆದು ಅಳೆದಾಗ ತೂತು 5 ಮಿ.ಮೀ., ಅಂತರ 14 ಮಿ.ಮೀ. ಇದಕ್ಕೆ ತಕ್ಕದ್ದು 2.5 ಮಿ.ಮೀ. ಬೆತ್ತದ ಸಿಪ್ಪೆ. ದಪ್ಪನೆಯದು ತಂದರೆ ಕೊನೆಯ ಎಳೆಗಳು ತೂತಿಗೆ ತೂರುವುದಿಲ್ಲ.

ಎಷ್ಟು ಬೇಕೆಂಬ ಲೆಕ್ಕ: ಹೆಣೆಯುವ ಜಾಗ 48 ಸೆಂ.ಮೀ. ಅಗಲ, 100 ಸೆಂ.ಮೀ. ಉದ್ದ. ನೇರ ಎಳೆ ಎರಡು ಸುತ್ತಿಗೆ 68 ಮೀಟರ್, ಅಡ್ಡ ಎಳೆ ಎರಡು ಸುತ್ತಿಗೆ 68, ಓರೆ ಎರಡು ದಿಕ್ಕಿಗೆ 97. ಒಟ್ಟು 233, ತಿರುವು, ಗಂಟು, ತುಂಡಾಗುವುದಕ್ಕೆ ಐದನೇ ಒಂದು ಸೇರಿಸಿ 280 ಮೀಟರ್.

ಪಾಲಿಶ್ ಮೊದಲು, ಹೆಣಿಗೆ ಆಮೇಲೆ. ಅರಗಿನ ಚಕ್ಕೆ 125 ಗ್ರಾಂ, ಸ್ಪಿರಿಟ್ 500 ಮಿ.ಲೀ., ಒಂದು ರಾತ್ರಿ ಕರಗಿಸಿ ಸೋಸಿ, ಹತ್ತಿಯುಂಡೆಯಿಂದ ತೆಳು ತೆಳುವಾಗಿ. ಮಳೆ ಹಿಡಿದ ದಿನ ಮಾಡಿದರೆ ಅರಗಿನೊಳಗೆ ತೇವ ಸಿಕ್ಕಿ ಬಿಳಿ ಮಂಜು ಮೂಡುತ್ತದೆ. ಮಲೆನಾಡಿನಲ್ಲಿ ಇದು ಡಿಸೆಂಬರಿನಿಂದ ಏಪ್ರಿಲ್ ಒಳಗಿನ ಕೆಲಸ.

ಬೆತ್ತ ಬಿಸಿನೀರಲ್ಲಿ 20 ನಿಮಿಷ. ಗಂಟೆಗಟ್ಟಲೆ ಬಿಟ್ಟರೆ ಬೂದುಬಣ್ಣಕ್ಕೆ ತಿರುಗುತ್ತದೆ. ನೇರ, ಅಡ್ಡ, ಮತ್ತೆ ನೇರ, ಅಡ್ಡವನ್ನು ಹೆಣೆಯುತ್ತ, ಆಮೇಲೆ ಎರಡು ಓರೆ, ಕೊನೆಗೆ ಅಂಚಿಗೆ ಅಗಲ ಪಟ್ಟಿ. ಮೊದಲ ಮೂರು ಸುತ್ತನ್ನು ಬಿಗಿದು ಕಟ್ಟುವುದೇ ದೊಡ್ಡ ತಪ್ಪು. ಬೆರಳಲ್ಲಿ ಒತ್ತಿದರೆ ಒಂದು ಸೆಂ.ಮೀ. ತಗ್ಗುವಷ್ಟು ಸಡಿಲ ಇರಲಿ. ಒಣಗಿದಾಗ ಬೆತ್ತ ತಾನೇ ಬಿಗಿಯುತ್ತದೆ. ಓರೆಯ ಒಂದು ದಿಕ್ಕು ನೇರ ಜೋಡಿಗಳ ಮೇಲೆ, ಅಡ್ಡ ಜೋಡಿಗಳ ಕೆಳಗೆ. ಇನ್ನೊಂದು ದಿಕ್ಕು ಇದಕ್ಕೆ ತಿರುಗುಮುರುಗು. ಸರಿಯಾಗಿದ್ದರೆ ಎಳೆ ನುಣ್ಣಗೆ ಜಾರಿ ಜೋಡಿಗಳ ಸಂದಿಯಲ್ಲಿ ಕೂರುತ್ತದೆ. ತಪ್ಪಿದ್ದರೆ ಗರಗಸದಂತೆ ತೊಡರುತ್ತದೆ, ಸಿಪ್ಪೆ ಎದ್ದು ಬರುತ್ತದೆ. ಅಲ್ಲೇ ನಿಲ್ಲಿಸಿ ಬಿಚ್ಚಬೇಕು.

ಕುರ್ಚಿಯ ಹಿಂದೆ ಹಿತ್ತಾಳೆ ಬ್ರಾಕೆಟ್, 10 ಅಂಗುಲದ ಎನಾಮಲ್ ಛತ್ರಿ, ಹೊರಗೆ ಹಸಿರು, ಒಳಗೆ ಬಿಳಿ. ಅದಕ್ಕೆ ಬಿ22 ಹೋಲ್ಡರು, 4 ವ್ಯಾಟ್, 2700 ಕೆಲ್ವಿನ್. ಓದಲು ಬೆಳಕು ಬೇಕಾದವರಿಗೆ ಅದು ಮಡಿಲ ಮೇಲೆ ಬೀಳುತ್ತದೆ. ತೂಗುದೀಪದ ಬೆಳಕನ್ನು ಹೆಚ್ಚಿಸುವ ಅಗತ್ಯವೇ ಬೀಳುವುದಿಲ್ಲ.

ಮಳೆಗಾಲದ ನಂತರ

ಕೆಲಸ ಮುಗಿದ ದಿನ ವೈರಿಂಗಿನ ಸೋರಿಕೆ ತಡೆಯುವ ಶಕ್ತಿ ಅಳೆಯುವ 500 ವೋಲ್ಟಿನ ಮೆಗ್ಗರ್ ತೋರಿಸಿದ್ದು 100 ಮೆಗಾಓಮ್‌ಗಿಂತ ಹೆಚ್ಚು. ಆಗಸ್ಟಿನ ನಡು ಮಳೆಯಲ್ಲಿ ಮತ್ತೆ ನೋಡಿದಾಗ 12. ಕನಿಷ್ಠ 1 ಇರಬೇಕೆಂಬ ನಿಯಮಕ್ಕೆ ಅದು ಸಾಕು, ಆದರೂ ಇಳಿದದ್ದು ಎಲ್ಲಿ ಎಂದು ಒಂದೊಂದೇ ಭಾಗ ಬಿಡಿಸಿ ನೋಡಿದರೆ ಜಗಲಿ ಕಡೆಯ ಸೀಲಿಂಗ್ ರೋಸ್. ಅದರ ಮರದ ಬಿಲ್ಲೆಯ ಹಿಂಬದಿಗೆ ಅರಗು ಹಚ್ಚಿರಲಿಲ್ಲ. ಬಿಚ್ಚಿ, ಒಣಗಿಸಿ, ಎರಡು ಕೈ ಅರಗು ಕೊಟ್ಟು ಕೂರಿಸಿದ ಮೇಲೆ 80ರ ಆಚೆಗೆ ಹೋಯಿತು. ತೂಗುದೀಪದ ಬಳೆಯಲ್ಲಿ ಒಂದು ಕಡೆ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು. ಬಿದಿರ ಕಡ್ಡಿಯಿಂದ ಕೆರೆದು ಮತ್ತೆ ಮೇಣ. ಅಟ್ಟದ ಕಡೆ ಕೇಬಲ್ ಹೋಗುವ ತೂತಿಗೆ ಇಲಿ ಬಾರದಂತೆ ತಗಡಿನ ಬಿಲ್ಲೆ ಹೊಡೆಯಲಾಗಿದೆ.

ಜೋಡಿಬತ್ತಿ ಬರ್ನರ್, ಅದರ ಎರಡು ಹೊಸ ಬತ್ತಿ, ಕಾಲರಿನ ಅಳತೆ ಬರೆದ ಚೀಟಿ ಮೂರೂ ಒಂದು ಮರದ ಡಬ್ಬಿಯಲ್ಲಿ ಮೀಟರ್ ಕಪಾಟಿನ ಮೇಲಿವೆ. ಅಡಾಪ್ಟರ್ ಎತ್ತಿ ಬರ್ನರ್ ತಿರುಗಿಸಿ ಕೂರಿಸಲು ಹತ್ತು ನಿಮಿಷ. ಹಾಗೆ ಮಾಡುವವರು ಮೊದಲು ಸೀಲಿಂಗ್ ರೋಸಿನಿಂದ ವೈರು ಕಳಚಿ ದೀಪದಿಂದ ಪೂರ್ತಿ ದೂರ ಮಾಡಬೇಕು ಎಂದು ಡಬ್ಬಿಯ ಮುಚ್ಚಳದ ಒಳಬದಿಗೆ ಬರೆದಿದೆ.